ಮುಚ್ಚಿಹೋದ ಕಂಪನಿಯ ಏಕೈಕ ನೌಕರ

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಇಂಗ್ಲೆಂಡಿನ ಒಂದು ವಿಮಾನ ಕಂಪನಿಗಾಗಿ ಬಿಡುವಿಲ್ಲದೆ ದುಡಿಯುತ್ತಾರೆ. ಈ ಸಂಗತಿ ಆ ಕಂಪನಿಗೆ ಗೊತ್ತಿಲ್ಲ. ಗೊತ್ತಾಗುವ ಸಂಭವವೂ ಇಲ್ಲ. ಏಕೆಂದರೆ ಅದು ಬಾಗಿಲು ಹಾಕಿ ನೂರು ವರ್ಷವಾಗುತ್ತ ಬಂತು!

ಹೊಟ್ಟೆಪಾಡಿಗೆ ಅವರು ಇಲ್ಲಿ ಅಮೆರಿಕದಲ್ಲಿ, ರಾಕ್‌ವಿಲ್‌ನ ಒಂದು ಪ್ರಯೋಗಾಲಯದಲ್ಲಿ ಔಷಧಿಗಳ ಗುಣಮಟ್ಟ ನೋಡುತ್ತಾರೆ. ಆದರೆ ಅವರ ಬಾಯಲ್ಲಿ ‘ನಮ್ಮ ಕಂಪನಿ’ ಎಂದರೆ ಅದೊಂದೇ, ಮರ, ಬಟ್ಟೆ, ತಂತಿಗಳಿಂದ ವಿಮಾನ ಕಟ್ಟುತ್ತಿದ್ದ ಕಾಲದ್ದು. ಉಳಿದವರು ಇಂಜಿನ್ನನ್ನು ಮುಂದಿಟ್ಟರೆ ಈ ಕಂಪನಿಯವರು ಹಿಂದಿಟ್ಟರಂತೆ. ಉಳಿದವರು ಬಾಲ ಇಟ್ಟರೆ ಇವರು ಬಾಲವನ್ನೇ ಕಿತ್ತುಹಾಕಿದರಂತೆ. ಒಮ್ಮೆ ನೀರಿನ ಮೇಲೆ ಇಳಿಯುವ ವಿಮಾನವನ್ನೂ ಮಾಡಿದರು. ಅದು ಇಳಿಯಿತು. ಆಮೇಲೂ ಇಳಿಯುತ್ತಲೇ ಹೋಯಿತು!

ಇವುಗಳ ನಕ್ಷೆಗಳನ್ನೆಲ್ಲ ಇಂಟರ್ನೆಟ್ಟಿನ ಮೂಲೆಮೂಲೆಯಿಂದ ಹುಡುಕಿ, ಪ್ರಿಂಟ್ ತೆಗೆದು, ಊಟದ ಮೇಜಿನ ತುಂಬ ಹರಡುವುದು ಭಾವನ ವಾರಾಂತ್ಯದ ಕಾಯಕ. ಕೂತು ನೋಡುವ ಜೀವವೇ ಅದು? ಮೇಜಿನ ಸುತ್ತ ತಿರುಗುತ್ತಲೇ ನೋಡಬೇಕು, ತಿರುಗುತ್ತಲೇ ಊಟ ಮಾಡಬೇಕು. ಅಕ್ಕ ಅವರಿಗೆ ಸಾರು ಬಡಿಸಬೇಕೆಂದರೆ ತಾನೂ ಅರ್ಧ ಪ್ರದಕ್ಷಿಣೆ ಹಾಕಬೇಕು.

ಒಮ್ಮೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಮೈಸೂರಿನಿಂದ ಹೊಸದಾಗಿ ಬಂದಿದ್ದ ಇಂಜಿನಿಯರ್ ಒಬ್ಬ ಇವರ ಮಾತಿಗೆ ಮರುಳಾಗಿಬಿಟ್ಟ. ಅರ್ಧ ಗಂಟೆ ಕಣ್ಣರಳಿಸಿ ಕೇಳಿ, ಕೊನೆಗೆ ಮೆಲ್ಲಗೆ ಕೇಳಿದ: “ಅಂಕಲ್, ನಿಮ್ ಕಂಪನೀಲಿ ಓಪನಿಂಗ್ಸ್ ಇದ್ಯಾ? ರೆಫರ್ ಮಾಡ್ತೀರಾ?”

ಭಾವ ಪ್ರಸಾದದ ದೊನ್ನೆಯನ್ನು ಕೆಳಗಿಟ್ಟು ಗಂಭೀರವಾಗಿ ಹೇಳಿದರು: “ಎಲ್ಲಾ ಪೋಸ್ಟೂ ಖಾಲಿ ಇದೆಯಪ್ಪಾ. ಎಲ್ರೂ ತೀರಿಕೊಂಡಿದ್ದಾರೆ.”

ಪಾಪ, ಆತ ಅಂದಿನಿಂದ ಇವರನ್ನು ಕಂಡರೆ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋಗುತ್ತಾನೆ!

ಹೀಗೆ ಕಾಗದದ ಮೇಲೇ ಹಾರಾಡಿಕೊಂಡಿದ್ದ ಭಾವ ನಿಜವಾದ ವಿಮಾನಕ್ಕೆ ಕೈ ಹಾಕಿದ್ದು ೨೦೨೧ರಲ್ಲಿ. ಆ ವರ್ಷದ ಬೇಸಿಗೆಗೆ ಮೊದಲು ಮೈಸೂರಿನಲ್ಲಿ ನಮ್ಮ ಅಮ್ಮ ತೀರಿಕೊಂಡರು. ಕೋವಿಡ್ ಕಾಲ. ವಿಮಾನಗಳು ರದ್ದಾಗುತ್ತಿದ್ದವು, ಕಾಗದಪತ್ರಗಳಿಗೆ ಹೋಗಬೇಕಾದ ಕಚೇರಿಗಳು ಮುಚ್ಚಿದ್ದವು. ನಾನು ಮತ್ತು ಅಕ್ಕ ಲ್ಯಾಪ್‌ಟಾಪಿನ ಮುಂದೆ ಕೂತು ಅಂತ್ಯಸಂಸ್ಕಾರವನ್ನೆಲ್ಲ ನೋಡಿದೆವು. ನಾನು ಅತ್ತೆ. ಅಕ್ಕ ಅಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದವಳು ಮಾತನ್ನೂ ಮುಚ್ಚಿಬಿಟ್ಟಳು. ‘ಹೂಂ’, ‘ಬೇಡ’, ‘ಆಯ್ತು’. ಇಷ್ಟರಲ್ಲೇ ತಿಂಗಳುಗಳು ಕಳೆದವು. ಡಾಕ್ಟರರ ಹತ್ತಿರ ಹೋದರೂ ಅಷ್ಟೇ ಮಾತು. ಅಮ್ಮನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು.

ಸಮಾಧಾನ ಹೇಳುವುದು ಭಾವನಿಗೆ ಬಾರದ ವಿದ್ಯೆ. ಅವರು ಮನೆಯ ಕಾರ್ಪೆಟ್ ಸವೆಯುವಷ್ಟು ಓಡಾಡಿದರು. ಆಮೇಲೊಂದು ಶನಿವಾರ ಬೆಳಗ್ಗೆ ಆಲ್ಡಿ ಎಂಬ ಊರಿನ ನಮ್ಮ ಮನೆಯ ಮುಂದೆ ಅವರ ವ್ಯಾನು ನಿಂತಿತು. ಮೇಲೆ ಉದ್ದುದ್ದ ಮರದ ಪಟ್ಟಿಗಳು. ಒಳಗೆ ಮಾತಿಲ್ಲದ ಅಕ್ಕ.

“ನಿಮ್ ಗರಾಜ್ ಬೇಕು,” ಎಂದರು ಭಾವ. “ನಮ್ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ರೆಕ್ಕೆ ಹಿಡಿಸಲ್ಲ.”

“ಯಾವ ರೆಕ್ಕೆ ಭಾವ?”

“ನಮ್ ಕಂಪನಿ ಒಂದು ಗ್ಲೈಡರ್ ಡ್ರಾಯಿಂಗ್ ಮಾಡಿತ್ತು. ಇಂಜಿನ್ ಇಲ್ಲ, ಬರೀ ಗಾಳಿ. ಕಲಿಯೋರಿಗೆ ಅಂತ. ಅಷ್ಟರಲ್ಲಿ ಯುದ್ಧ ಬಂತು, ಕಟ್ಟಲೇ ಇಲ್ಲ. ಪೆಂಡಿಂಗ್ ಇದೆ.”

ನೂರು ವರ್ಷದಿಂದ ಪೆಂಡಿಂಗ್ ಇದ್ದ ಕೆಲಸಕ್ಕೆ ಅಡ್ಡ ಬರುವುದಕ್ಕೆ ನಾವು ಯಾರು? ನಮ್ಮ ಎರಡು ಕಾರುಗಳೂ ಬೀದಿಗೆ ಬಿದ್ದವು.

ಮೊದಲ ವಾರವೇ ನನ್ನ ಇಡ್ಲಿ ಪಾತ್ರೆ ಮಾಯವಾಯಿತು. ರೆಕ್ಕೆಯ ತುದಿಯ ಪಟ್ಟಿಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಬೇಕಂತೆ! ಗರಾಜಿನಲ್ಲಿ ಒಲೆ ಹೂಡಿ ಭಾವ ನನ್ನನ್ನು ಕೇಳಿದರು, “ಇಡ್ಲಿಗೆ ಎಷ್ಟು ನಿಮಿಷ ಇಡ್ತೀಯಾ?”

“ಹನ್ನೆರಡು.”

“ಹಾಗಾದ್ರೆ ಮರಕ್ಕೆ ಇಪ್ಪತ್ತು ಸಾಕು,” ಎಂದರು. ಮರ ಹೂವಿನಂತೆ ಬಗ್ಗಿತು. ನಮ್ಮ ಇಡ್ಲಿಗಳಿಗೆ ಮಾತ್ರ ಮುಂದಿನ ಆರು ತಿಂಗಳು ಪೀಠೋಪಕರಣದ ರುಚಿ.

ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಸಂಘವೊಂದಿದೆ. ಹುಲ್ಲು ಎರಡು ಇಂಚು ಹೆಚ್ಚು ಬೆಳೆದರೂ ಕಾಗದ ಬರುತ್ತದೆ. ಗರಾಜಿನಿಂದ ರೆಕ್ಕೆ ಹೊರಚಾಚಿದರೆ ಸುಮ್ಮನಿರುತ್ತಾರೆಯೇ? ಸಂಘದ ಹೆಂಗಸೊಬ್ಬರು ಪ್ಯಾಡು, ಪೆನ್ನು ಹಿಡಿದು ಬಂದೇಬಿಟ್ಟರು. ಏನಿದು ಎಂದು ಕೇಳಿದರು. ಯಾವುದೋ ಮದುವೆಯ ಮಂಟಪ ಎಂದು ಹೇಳಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಕಂಪನಿಯ ಮೊದಲ ವಿಮಾನದಿಂದ ಶುರು ಮಾಡಿದ್ದರು. ಹಿಂದಿನ ಇಂಜಿನ್ ಆಯಿತು, ಇಲ್ಲದ ಬಾಲ ಆಯಿತು, ನೀರಿಗಿಳಿದದ್ದಾಯಿತು. ಆಕೆ ಒಂದೊಂದೇ ಹೆಜ್ಜೆ ಹಿಂದೆ ಸರಿದಂತೆ ಭಾವ ಒಂದೊಂದೇ ಹೆಜ್ಜೆ ಮುಂದೆ ಹೋಗಿ, ಮಾತು ಮುಗಿದಾಗ ಇಬ್ಬರೂ ಆಕೆಯ ಮನೆಯ ಮೆಟ್ಟಿಲ ಮೇಲಿದ್ದರು! ಆಮೇಲೆ ನಮಗೆ ಹುಲ್ಲಿನ ಬಗ್ಗೆ ಸಹ ಕಾಗದ ಬಂದಿಲ್ಲ.

ಅಕ್ಕ ಇದನ್ನೆಲ್ಲ ಗರಾಜಿನ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನಗಲಿಲ್ಲ. ಆದರೆ ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿಯುವ ದಿನ ಭಾವನ ಹೊಲಿಗೆ ನೋಡಿ ತಡೆಯಲಾಗಲಿಲ್ಲವೇನೋ. ಒಂದು ಹೊಲಿಗೆ ಆನೆಯಷ್ಟು, ಇನ್ನೊಂದು ಇರುವೆಯಷ್ಟು. ಎದ್ದು ಬಂದು ಸೂಜಿ ಕಿತ್ತುಕೊಂಡಳು.

“ಕೊಡಿ ಇಲ್ಲಿ. ದಿಂಬಿನ ಕವರೂ ಹೀಗೆ ಹೊಲಿಯಲ್ಲ ಯಾರೂ.”

ನಾನು ಭಾವನ ಮುಖ ನೋಡಿದೆ. ಭಾವ ಸುತ್ತಿಗೆ ಹುಡುಕುವ ನೆಪದಲ್ಲಿ ಗರಾಜಿನ ಆಚೆ ಹೋದರು. ಸುತ್ತಿಗೆ ಅವರ ಕೈಯಲ್ಲೇ ಇತ್ತು.

ಅಂದಿನಿಂದ ಪ್ರತಿ ಶನಿವಾರ ಅಕ್ಕ ಹೊಲಿದಳು. ಮಾತು ಅಷ್ಟಕ್ಕಷ್ಟೇ. ಹೊಲಿಗೆ ಮಾತ್ರ ಗೆರೆ ಎಳೆದಂತೆ.

ವರ್ಷವೂ ಮೀರಿ ವಿಮಾನ ಮುಗಿಯಿತು. ಆಗ ಬಂತು ನೋಡಿ ನಿಜವಾದ ಸಂಕಟ! ನಕ್ಷೆಯ ಮೂಲೆಯಲ್ಲಿ ಚಾಲಕನ ತೂಕ ಒಂಬತ್ತೂವರೆ ಸ್ಟೋನ್ ಮೀರಬಾರದು ಎಂದಿತ್ತು. ಅದು ಇಂಗ್ಲಿಷರ ಹಳೆಯ ತೂಕದ ಲೆಕ್ಕ. ಕಂಪನಿಯ ನಿಷ್ಠಾವಂತ ನೌಕರರಾದ ಭಾವ ಅದನ್ನು ಕಿಲೋಗೆ ತಿರುಗಿಸಿಯೇ ನೋಡಿರಲಿಲ್ಲ. ನಾನು ನೋಡಿದೆ. ಅರವತ್ತು ಕಿಲೋ. ಭಾವ ಎಂಬತ್ನಾಲ್ಕು!

ಎರಡು ವಾರ ಬರೀ ಸೌತೆಕಾಯಿ ತಿಂದು ಎಂಬತ್ಮೂರೂವರೆ ಮಾಡಿಕೊಂಡರು. ನಾನು ಅರವತ್ತೆಂಟು, ನನ್ನನ್ನು ಕೇಳಬೇಡಿ. ಕೊನೆಗೆ ಎಲ್ಲರ ಕಣ್ಣೂ ಅಕ್ಕನ ಮೇಲೆ ಬಿತ್ತು. ಐವತ್ತೆರಡು.

“ಹೂಂ,” ಎಂದಳು ಅಕ್ಕ.

ಅಟ್ಲಾಂಟಾದಲ್ಲಿ ಓದುತ್ತಿದ್ದ ಅವರ ಮಗಳು ಫೋನಿನಲ್ಲೇ ಕೂಗಾಡಿದಳು. “ಅಮ್ಮಾ, ಆರ್ ಯೂ ಸೀರಿಯಸ್? ಅಪ್ಪಂಗೆ ಹುಚ್ಚು. ನಿಂಗೂನಾ?”

“ಹೂಂ,” ಎಂದಳು ಅಕ್ಕ ಮತ್ತೆ.

ಅಕ್ಟೋಬರಿನಲ್ಲಿ ವಿಮಾನವನ್ನು ಬಿಚ್ಚಿ ಟ್ರೈಲರಿಗೆ ಕಟ್ಟಿಕೊಂಡು ನಾರ್ತ್ ಕ್ಯಾರೊಲೈನಾದ ಕಡಲ ತೀರಕ್ಕೆ ಹೋದೆವು. ಜಗತ್ತಿನಲ್ಲಿ ಮೊದಲು ವಿಮಾನ ಹಾರಿಸಿದ ಅಣ್ಣತಮ್ಮಂದಿರು ಹಾರಲು ಕಲಿತದ್ದು ಅಲ್ಲಿನ ಮರಳುದಿಣ್ಣೆಗಳ ಗಾಳಿಯಲ್ಲಿ ಎಂದು ಭಾವ ದಾರಿಯುದ್ದಕ್ಕೂ ಹೇಳಿದರು. ಗ್ಲೈಡರ್ ಕಲಿಸುವ ಸ್ಥಳೀಯ ಅಜ್ಜನೊಬ್ಬನನ್ನು ಮೊದಲೇ ಗೊತ್ತು ಮಾಡಿದ್ದರು. ಆತ ಹೊಲಿಗೆಯನ್ನು ಬೆರಳಿಂದ ತಟ್ಟಿ ತಟ್ಟಿ ನೋಡಿ, ಅಕ್ಕನಿಗೆ ಹೆಲ್ಮೆಟ್ ಹಾಕಿ, ಎರಡೇ ಷರತ್ತು ಹೇಳಿದ: ಎರಡೂ ರೆಕ್ಕೆಗೆ ಕಟ್ಟಿದ ಹಗ್ಗ ಕೈಬಿಡುವಂತಿಲ್ಲ, ಸೊಂಟದೆತ್ತರ ಮೀರುವಂತಿಲ್ಲ.

ಒಂದು ಹಗ್ಗ ಆತನದು, ಇನ್ನೊಂದು ಭಾವನದು. ಗಾಳಿ ಬಂತು. ಇಬ್ಬರೂ ಇಳಿಜಾರಿನಲ್ಲಿ ಓಡಿದರು. ಇದ್ದಕ್ಕಿದ್ದಂತೆ ವಿಮಾನದ ಕೆಳಗೆ ಬೆಳಕು ಕಾಣಿಸಿತು. ಅಕ್ಕ ಮೇಲಿದ್ದಳು! ಊಟದ ಮೇಜಿನಷ್ಟು ಎತ್ತರ, ಅಷ್ಟೇ. ಭಾವ ಓಡುತ್ತ ಕಿರುಚುತ್ತಿದ್ದರು: “ನಮ್ ಕಂಪನಿ! ನಮ್ ಕಂಪನಿ!”

ನಾನು ಏಳರವರೆಗೆ ಎಣಿಸಿದೆ. ಎಂಟಕ್ಕೆ ಗಾಳಿ ಅಡ್ಡ ಬೀಸಿತು. ಎಡ ರೆಕ್ಕೆ ಮರಳಿಗೆ ತಾಗಿ ಲಟಕ್ಕನೆ ಮುರಿಯಿತು. ವಿಮಾನ ಮಗುಚುವಾಗ ಅಕ್ಕ ಕೂಗಿದಳು:

“ಅಮ್ಮಾ!”

ಬೀಳುವಾಗ ಯಾರಾದರೂ ಕೂಗುವ ಮಾತೇ ಅದು. ಆದರೆ ಒಂದೂವರೆ ವರ್ಷದಿಂದ ಅವಳು ಆ ಪದವನ್ನು ಬಾಯಿಗೆ ತಂದಿರಲಿಲ್ಲ. ನಾವು ಓಡಿಹೋದಾಗ ಬೆಲ್ಟು ಬಿಚ್ಚಿಕೊಂಡು ಮರಳಲ್ಲಿ ಕೂತಿದ್ದಳು. ಪಾದ ಸ್ವಲ್ಪ ಉಳುಕಿತ್ತು. ಮತ್ತೊಮ್ಮೆ ಮೆಲ್ಲಗೆ “ಅಮ್ಮಾ” ಎಂದಳು. ಆಮೇಲೆ ಅತ್ತಳು. ಸಣ್ಣ ಮಕ್ಕಳು ಅಳುವ ಹಾಗೆ, ಬಾಯಿ ತೆರೆದು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಭಾವ ಮುರಿದ ರೆಕ್ಕೆಯ ಕಡೆ ತಿರುಗಿಯೂ ನೋಡದೆ ಅವಳ ಕೂದಲಿನ ಮರಳನ್ನು ಬೆರಳಿಂದ ಬಿಡಿಸುತ್ತಿದ್ದರು.

ವಾಪಸ್ ಬರುವಾಗ ಭಾವ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ರಿಚ್ಮಂಡ್ ದಾಟಿದ ಮೇಲೆ ತಾನಾಗಿಯೇ ಶುರು ಮಾಡಿದಳು.

“ಅಮ್ಮ ಒಂದ್ಸಲಾನೂ ವಿಮಾನ ಹತ್ತಲಿಲ್ಲ ಕಣೇ. ಶಬ್ದ ಕೇಳಿದ್ರೆ ಮಾತ್ರ ಪಾತ್ರೆ ತೊಳೀತಿದ್ದೋರು ಒದ್ದೆ ಕೈಯಲ್ಲೇ ಟೆರೇಸಿಗೆ ಓಡ್ತಿದ್ರು. ನೆನಪಿದ್ಯಾ?”

ಆಮೇಲೆ ಅಮ್ಮನ ಕೋಪ, ಅಮ್ಮ ಕದ್ದು ತಿನ್ನುತ್ತಿದ್ದ ಸಕ್ಕರೆ, ಅಮ್ಮನ ಕೊನೆಯ ಫೋನು, ಅದನ್ನು ತಾನು ಮೀಟಿಂಗಿನಲ್ಲಿದ್ದು ಎತ್ತದೆ ಹೋದದ್ದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸಂಜೆ ಬಿಸಿಲು ರಸ್ತೆಯ ಮೇಲೆ ಓರೆಯಾಗಿ ಬೀಳುತ್ತಿತ್ತು. ಫ್ರೆಡರಿಕ್ಸ್‌ಬರ್ಗ್ ಹತ್ತಿರ ನಮ್ಮ ಮನೆಯ ಕಡೆಗೆ ತಿರುಗಬೇಕಾದ ಎಕ್ಸಿಟ್ಟಿನ ಬೋರ್ಡು ತಲೆಯ ಮೇಲೆ ಹಾದುಹೋಯಿತು.

ನಾನು ಗಾಬರಿಯಾಗಿ ಪಿಸುಗುಟ್ಟಿದೆ. “ಭಾವ, ಎಕ್ಸಿಟ್ ಮಿಸ್ ಮಾಡಿದ್ರಿ!”

ಭಾವ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, ವೇಗವನ್ನು ಇನ್ನಷ್ಟು ಇಳಿಸಿದರು.

“ಗೊತ್ತು. ಸುಮ್ನಿರಮ್ಮ. ಅವಳು ಮಾತಾಡ್ತಿದ್ದಾಳೆ.”