ಚಿಲಕ ಸರಿಯಿತು, ಅಕ್ಷತೆ ಉಳಿಯಿತು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ ಕಾರಣ ಪ್ರತಿಯೊಂದು ಕೆಲಸವನ್ನೂ ಕ್ರಮಬದ್ಧವಾಗಿಯೇ ಮಾಡಬೇಕೆಂಬ ಅಂಜಿಕೆ ನನಗೆ ಮೊದಲಿನಿಂದಲೂ ಇದೆ. ಭಯಾನಕ ಕಥೆಯೊಂದನ್ನು ಬರೆಯಲು ತೊಡಗಿದಾಗಲೂ ಅಷ್ಟೇ. ಮೊದಲು ಆ ಪ್ರಕಾರದ ಲಕ್ಷಣಗಳನ್ನು ಟಿಪ್ಪಣಿ ಮಾಡಿಕೊಂಡೆ. ಉತ್ತಮ ಭಯಾನಕ ಕಥೆಗೆ ಖಚಿತವಾದ ಮುಕ್ತಾಯವಿರಬಾರದು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.

ಕಥೆ ಸಿದ್ಧವಾಯಿತು. ಮನೆಯಲ್ಲಿ ಹೆಂಗಸೊಬ್ಬಳೇ ಇದ್ದಾಳೆ. ಯಾರೋ ಹಿತ್ತಲ ಬಾಗಿಲು ತಟ್ಟುತ್ತಾರೆ. ಯಾರೆಂದು ಕೂಗಿದರೆ ಉತ್ತರವಿಲ್ಲ. ಮತ್ತೆ ತಟ್ಟುತ್ತಾರೆ. ಅವಳು ಬಾಗಿಲ ಬಳಿ ಬರುವಷ್ಟರಲ್ಲಿ ಒಳಗಿನ ಚಿಲಕ ತಾನಾಗಿಯೇ ಸರಿಯುತ್ತದೆ. ಅಲ್ಲಿಗೆ ಕಥೆ ಮುಗಿಯುತ್ತದೆ! ಸಣ್ಣ ಮಾಸಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ಮುಕ್ತಾಯ ಬಹಳ ಮಾರ್ಮಿಕವಾಗಿದೆ ಎಂದು ಸಂಪಾದಕರು ಫೋನಿನಲ್ಲಿ ತಿಳಿಸಿದರು. ಅಷ್ಟು ಹೊತ್ತೂ ನಾನು ಎದ್ದು ನಿಂತೇ ಮಾತನಾಡಿದೆ.

ನಮ್ಮ ಜೊತೆಯಲ್ಲೇ ಇರುವ ಅವ್ವನಿಗೆ ಓದಲು ಬಾರದು. ನಾವಿರುವ ಈ ಹಿನಕಲ್ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅವಳು ಕುಳಿತು ಕೇಳಿದ ಕಥೆಗಳೆಲ್ಲ ಪೂಜೆಯ ಕಥೆಗಳೇ. ಅವುಗಳ ನಿಯಮ ಅವಳಿಗೆ ಕಂಠಪಾಠ. ಕಥೆ ಓದಿಸುವವರು ಏನೂ ತಿನ್ನದೆ ಕುಳಿತಿರಬೇಕು. ಕೇಳುವವರೆಲ್ಲ ಕೈಯಲ್ಲಿ ಅಕ್ಷತೆ ಹಿಡಿದಿರಬೇಕು. ಕಥೆ ಪೂರ್ಣವಾದ ಮೇಲೆ ಅದನ್ನು ದೇವರಿಗೆ ಹಾಕಿ, ಪ್ರಸಾದ ತೆಗೆದುಕೊಂಡೇ ಏಳಬೇಕು. ನಡುವೆ ಎದ್ದರೆ ಮನೆಗೆ ಒಳ್ಳೆಯದಲ್ಲ.

ಮಗಳ ಹೆಸರು ಅಚ್ಚಾಗಿರುವಾಗ ದೇವರ ಮುಂದೆ ಓದಿಸದಿದ್ದರೆ ಹೇಗೆ? ಶುಕ್ರವಾರ ಬೆಳಗ್ಗೆ ಅವ್ವ ಸಜ್ಜಿಗೆ ಮಾಡಿಟ್ಟು, ಬೀದಿಯ ಏಳೆಂಟು ಹೆಂಗಸರನ್ನು ಕರೆದಳು.

"ಅದು ದೆವ್ವದ ಕತೆ ಕಣೇ, ದೇವರ ಮುಂದೆ ಓದ್ತೀಯಾ?" ಎಂದರು ನಮ್ಮ ಯಜಮಾನರು. ಸಾಹಿತ್ಯಕ್ಕೆ ಸ್ಥಳದ ನಿರ್ಬಂಧವಿಲ್ಲ ಎಂದು ನಾನು ವಿನಯಪೂರ್ವಕವಾಗಿ ಉತ್ತರಿಸಿದೆ. ಅವ್ವನಿಗೆ ಸಕ್ಕರೆ ಕಾಯಿಲೆಯಿದೆ, ತಿಂಡಿ ತಿಂದು ಮಾತ್ರೆ ನುಂಗಬೇಕು ಎಂಬುದನ್ನು ಅವರು ನೆನಪಿಸಿದರು. ಹತ್ತೇ ನಿಮಿಷದ ಕಥೆ ಎಂದೆ.

ಓದಿದೆ. ಪಕ್ಕದ ಮನೆಯ ಜಯಕ್ಕನವರ ಮುಷ್ಟಿ ಬಿಗಿಯಾದದ್ದನ್ನು ಓರೆಗಣ್ಣಿನಿಂದ ಗಮನಿಸಿದೆ. "ಚಿಲಕ ತಾನಾಗಿಯೇ ಸರಿಯಿತು" ಎಂದು ದನಿ ತಗ್ಗಿಸಿ ಪತ್ರಿಕೆಯನ್ನು ಮಡಿಚಿದೆ. ಯಾರೂ ಅಲುಗಾಡಲಿಲ್ಲ. ಇದನ್ನೇ ರಸಾನುಭವ ಎನ್ನುತ್ತಾರೆಂದು ನಾನು ಕಣ್ಣು ಮುಚ್ಚಿ ಆನಂದಿಸಿದೆ. ಅವರು ನಾನು ಪುಟ ತಿರುಗಿಸಲೆಂದು ಕಾಯುತ್ತಿದ್ದರು!

"ಓದು ಮಗಾ," ಎಂದಳು ಅವ್ವ.

"ಮುಗೀತು ಅವ್ವ."

"ಬಾಗ್ಲು ಈಗ ತಾನೆ ತೆಗೀತಾ ಅದೆ. ಕತೆ ಎಂಗೆ ಮುಗೀತದೆ?"

ನಾನು ವಿವರಣೆಗೆ ಇಳಿದೆ. ಬಾಗಿಲ ಆಚೆ ಇರುವವರೆಗೆ ಮಾತ್ರ ಅದು ಭಯ. ಒಳಗೆ ಬಂದರೆ ಅದು ಕೇವಲ ನೆಂಟ. ಹೇಳದೆ ಬಿಟ್ಟದ್ದನ್ನು ಓದುಗರು ತಮ್ಮ ತಮ್ಮ ಭಯದಿಂದ ತುಂಬಿಕೊಳ್ಳುತ್ತಾರೆ. ಆದ್ದರಿಂದಲೇ ಅಂತಹ ಕಥೆ ಮನಸ್ಸಿನಿಂದ ಮಾಸುವುದಿಲ್ಲ. ಹೀಗೆ ಸುಮಾರು ಕಾಲು ಗಂಟೆ ವಿಷಯ ಮಂಡಿಸಿದೆ. ಎಲ್ಲರೂ ಶ್ರದ್ಧೆಯಿಂದ ತಲೆದೂಗಿದರು.

"ಅರ್ಥ ಆಯ್ತು ಕಣಮ್ಮ," ಎಂದರು ಜಯಕ್ಕ. "ಈಗ ಬಾಗ್ಲಲ್ಲಿ ಯಾರು ಅಂತ ಹೇಳ್ಬುಡು."

ಯಜಮಾನರು ಬಾಗಿಲಲ್ಲಿ ನಿಂತು ಮಾತ್ರೆಯ ಹಾಳೆಯನ್ನು ಆಡಿಸಿದರು. ಅವ್ವ ಅತ್ತ ನೋಡಲೂ ಇಲ್ಲ. ಅವಳ ಮುಷ್ಟಿಯಲ್ಲಿ ಅಕ್ಷತೆಯಿತ್ತು. ಆ ಮುಷ್ಟಿ ಸಣ್ಣಗೆ ನಡುಗುತ್ತಿತ್ತು. ಒಂದು ಕಡೆ ಸಂಪಾದಕರು ಮೆಚ್ಚಿದ ಮುಕ್ತಾಯ, ಇನ್ನೊಂದು ಕಡೆ ಹಸಿದ ತಾಯಿ. ನಾನು ಸಾಹಿತ್ಯವನ್ನು ಕೈಬಿಟ್ಟೆ.

ಗಾಳಿ ಎಂದೆ. ಗಾಳಿ ಬಂದು ಒಳಗಿನ ಚಿಲಕ ತೆಗೆಯುವುದನ್ನು ಈ ಬೀದಿಯಲ್ಲಿ ಯಾರೂ ಕಂಡಿಲ್ಲ ಎಂದು ತಿರಸ್ಕೃತವಾಯಿತು. ದೆವ್ವ ಎಂದೆ. ಯಾರದು, ವರ್ಷಕ್ಕೊಮ್ಮೆ ಎಡೆ ಇಡುತ್ತಿದ್ದರೋ ಇಲ್ಲವೋ ಎಂಬ ವಿಚಾರಣೆ ಆರಂಭವಾಯಿತು. ಗಾಬರಿಯಲ್ಲಿ, ಆ ಹೆಂಗಸಿನ ಸತ್ತುಹೋದ ಅತ್ತೆಯೇ ಬಂದಿದ್ದಾರೆ ಎಂದುಬಿಟ್ಟೆ. ಕುಳಿತವರಲ್ಲಿ ಐವರು ಅತ್ತೆಯರು!

"ಸತ್ತ ಮೇಲೂ ಅತ್ತೇದೇ ತಪ್ಪಾ?" ಎಂದು ಜಯಕ್ಕ ಮುಖ ತಿರುಗಿಸಿದರು.

ಅವ್ವ ಮೆಲ್ಲಗೆ ಕೇಳಿದಳು: "ಬರ್ದೋಳು ನೀನಲ್ವಾ? ನಿಂಗೇ ಗೊತ್ತಿಲ್ವಾ ಮಗಾ?"

ನಿಜ ಹೇಳಬೇಕೆಂದರೆ, ಗೊತ್ತಿರಲಿಲ್ಲ. ಮೂರು ದಿನ ಯೋಚಿಸಿದರೂ ಆ ಬಾಗಿಲ ಆಚೆ ಯಾರನ್ನು ನಿಲ್ಲಿಸಬೇಕೆಂದು ಹೊಳೆದಿರಲಿಲ್ಲ. ಆಗ ಕೆಂಪು ಶಾಯಿಯ ನಿಯಮ ಕೈಹಿಡಿದಿತ್ತು. ಪದವಿ ಪಡೆದ ಮೇಲೆ ಮೊದಲ ಬಾರಿಗೆ, ತುಂಬಿದ ಸಭೆಯಲ್ಲಿ, "ಗೊತ್ತಿಲ್ಲ ಅವ್ವ" ಎಂದೆ.

"ಅಷ್ಟೇನಾ," ಎಂದಳು ಅವ್ವ. ನಡುಗುವ ಮುಷ್ಟಿಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೆಟ್ಟಗೆ ಕುಳಿತಳು. "ಅವಳ ಅವ್ವ ಬಂದವ್ಳೆ. ಮಗ್ಳು ಒಬ್ಳೇ ಇರ್ತಾಳಲ್ಲ ಅಂತ."

"ಕೂಗಿದ್ರೆ ಯಾಕೆ ಮಾತಾಡ್ಲಿಲ್ಲ?" ಜಯಕ್ಕ ಬಿಡಲಿಲ್ಲ.

"ಬಾಯ್ತುಂಬ ಎಲೆ ಅಡಿಕೆ. ಎಂಗೆ ಮಾತಾಡ್ತಾಳೆ?"

"ಚಿಲ್ಕ?"

"ಮಗ್ಳ ಮನೆ ಚಿಲ್ಕ ಅವ್ವಂಗೆ ಗೊತ್ತಿಲ್ವಾ? ಸಂದಿಲಿ ಕಡ್ಡಿ ತೂರ್ಸಿ ತೆಗ್ದವ್ಳೆ."

ಅಕ್ಷತೆ ಹಾರಿತು! ದೇವರ ಮೇಲೆ ಬಿದ್ದದ್ದು ಅರ್ಧ, ನನ್ನ ತಲೆಯ ಮೇಲೆ ಬಿದ್ದದ್ದು ಅರ್ಧ. ಅವ್ವ ಎರಡು ತುತ್ತು ಸಜ್ಜಿಗೆ ತಿಂದು ಮಾತ್ರೆ ನುಂಗಿದಳು. ನನಗೆ ಆಗ ಉಸಿರು ಬಂದಿತು. ಹೊರಡುವಾಗ ಜಯಕ್ಕ, ಕಥೆ ಚೆನ್ನಾಗಿತ್ತು, ನಿಮ್ಮ ಅವ್ವ ಹೇಳಿದ್ದು ಇನ್ನೂ ಚೆನ್ನಾಗಿತ್ತು ಎಂದು ಅಭಿನಂದಿಸಿದರು. ಆದರೂ ಒಂದು ಸಂಗತಿಯನ್ನು ದಾಖಲಿಸಲೇಬೇಕು. ದಿನವೂ ನಮ್ಮ ಹಿತ್ತಲಿನಿಂದಲೇ ಮನೆಗೆ ಹೋಗುವ ಅವರು ಅಂದು ಬೀದಿ ಸುತ್ತಿಕೊಂಡು ಹೋದರು.

ಮುಂದಿನ ವಾರ ಸಂಪಾದಕರು ಮತ್ತೆ ಫೋನ್ ಮಾಡಿದರು. ಯಾರಿಗೂ ಹೇಳುವುದಿಲ್ಲ, ಆ ಬಾಗಿಲ ಆಚೆ ಇದ್ದವರು ಯಾರೆಂದು ತಮಗೆ ಮಾತ್ರ ತಿಳಿಸಬೇಕು, ನಾಲ್ಕು ದಿನದಿಂದ ಅದೇ ಯೋಚನೆ ಎಂದು ಗುಟ್ಟಾಗಿ ಕೇಳಿದರು. ನಾನು ಎದ್ದು ನಿಂತೆ.

"ಒಂದು ನಿಮಿಷ ಸಾರ್, ಲೇಖಕಿಯನ್ನೇ ಕರೆಯುತ್ತೇನೆ," ಎಂದು ಫೋನನ್ನು ಅವ್ವನ ಕೈಗೆ ಕೊಟ್ಟೆ.