ಕಾರಿನ ಕೆಳಗಿನ ಪಸೆ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ಉಜ್ಜಿ ನೋಡಿಕೊಳ್ಳುತ್ತಾರೆ, ಇನ್ನು ಕೆಲವರು ಹೆಂಡತಿಯ ಮುಖ ನೋಡಿ ಆ ದಿನ ಹೇಗೆ ಕಳೆದೀತು ಎಂದು ಅಂದಾಜು ಕಟ್ಟುತ್ತಾರೆ. ಹಳೆಯ ಕಾರು ಕೊಂಡವನು ಮಾತ್ರ ಎದ್ದವನೇ ಅಂಗಳಕ್ಕೆ ಹೋಗಿ, ಮೊಣಕಾಲೂರಿ, ಕಾರಿನ ಕೆಳಗೆ ನೋಡುತ್ತಾನೆ. ಅಲ್ಲಿ ನೆಲ ಒಣಗಿದ್ದರೆ ಆ ದಿನ ಸುದಿನ. ಪಸೆ ಕಂಡರೆ ಚಹಾ ಸಹ ರುಚಿಸುವುದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ನಿಪ್ಪಾಣಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಕೊಲ್ಹಾಪುರದ ಒಬ್ಬರಿಂದ ಹಳೆಯ ಫಿಯಾಟ್ ಕೊಂಡಂದಿನಿಂದ ನನಗೆ ಸುದಿನ ಬಂದದ್ದು ಕಡಿಮೆ. ಮಾರಿದ ಪುಣ್ಯಾತ್ಮ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ, ‘ಕಾಹೀ ಹೋತ್ ನಾಹೀ’ ಎಂದಿದ್ದ. ಏನೂ ಆಗುವುದಿಲ್ಲ ಎಂದು ಅದರ ಅರ್ಥ. ಮನೆಗೆ ತಂದ ಮರುದಿನವೇ ರೇಡಿಯೇಟರ್ ತೊಟ್ಟಿಕ್ಕಲು ಶುರುವಾಯಿತು. ಹೆಂಡತಿ ತ್ರಿಶಲಾಳಿಗೆ ಹೇಳಲಿಲ್ಲ. ಅವಳು ಬೇಡ ಬೇಡವೆಂದರೂ ಕೊಂಡದ್ದು ನಾನು. ಸೋರುತ್ತದೆ ಎಂದು ಯಾವ ಬಾಯಿಂದ ಹೇಳಲಿ? ಡಿಕ್ಕಿಯಲ್ಲಿ ಒಂದು ನೀರಿನ ಡಬ್ಬಿ ಇಟ್ಟುಕೊಂಡೆ. ದೂರ ಹೋಗುವಾಗ ನಡುನಡುವೆ ‘ಎಂಜಿನ್ನು ದಣಿದಿದೆ’ ಎಂದು ನಿಲ್ಲಿಸಿ, ಬಾನೆಟ್ಟಿನ ಮರೆಯಲ್ಲಿ ಕದ್ದು ನೀರು ಕುಡಿಸುತ್ತಿದ್ದೆ.

ಆ ವರ್ಷ ಫಾಲ್ಗುಣದ ಪರ್ವಕ್ಕೆ ನಮ್ಮ ಅತ್ತೆ ನಿಪ್ಪಾಣಿಯ ಹತ್ತಿರದ ಸ್ತವನಿಧಿ ಬಸದಿಯ ದರ್ಶನಕ್ಕೆಂದು ಕರೋಶಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ನಾವು ಜೈನರು. ನಾನು ಹೆಸರಿಗೆ ಮಾತ್ರ, ಅತ್ತೆ ನಿಜಕ್ಕೂ. ಪರ್ವದ ದಿನಗಳಲ್ಲಿ ಅವರದು ಒಪ್ಪತ್ತು. ದಿನಕ್ಕೆ ಒಂದೇ ಊಟ, ನೀರು ಕುಡಿಯುವುದೂ ಅದರ ಜೊತೆಗೇ. ಊಟವೂ ತಮ್ಮ ಮನೆಯ ಒಲೆಯ ಮೇಲಿನದು, ತಮ್ಮ ಬಾವಿಯಿಂದ ಸೇದಿ ತಾವೇ ಅರಿವೆಯಲ್ಲಿ ಸೋಸಿದ ನೀರಿನದು. ಮಗಳ ಮನೆಯದಾದರೂ ಆಗದು. ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಮುಳುಗಿತೋ, ಮರುದಿನದವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ದರ್ಶನ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಅವರು ಹೊರಟೇ ಇದ್ದರು. ತಡೆದವನು ನಾನು. ‘ಮನ್ಯಾಗ ಗಾಡಿ ಇಟಗೊಂಡು ನಿಮ್ಮನ್ನ ಬಸ್ಸಿಗೆ ಕಳಸಿದ್ರ ಮಂದಿ ಏನಂದಾರು? ಸಾಲಿ ಬಿಟ್ಟ ಕೂಡ್ಲೆ ಹೊಂಡೂಣು. ಹೊತ್ತು ಇರತನಾನ ನಿಮ್ಮನ್ನ ಮನಿ ಮುಟ್ಟಸ್ತೇನಿ’ ಎಂದೆ. ಅತ್ತೆ ಒಮ್ಮೆ ಮಗಳ ಮುಖ ನೋಡಿದರು. ತ್ರಿಶಲಾ ಗೋಡೆ ನೋಡಿದಳು. ಅಳಿಯನ ಮಾತು ತೆಗೆದುಹಾಕಬಾರದೆಂದು ಅತ್ತೆ ಒಪ್ಪಿಕೊಂಡರು.

ಹೊರಟದ್ದೇ ತಡ, ದಾರಿಯಲ್ಲಿ ಎಂಜಿನ್ನು ಮತ್ತೆ ಮತ್ತೆ ದಣಿಯಿತು. ಚಿಕ್ಕೋಡಿ ಸ್ಟ್ಯಾಂಡಿನ ಮುಂದೆ ಹಾಯುವಾಗ ಕರೋಶಿಗೆ ಹೋಗುವ ಬಸ್ಸು ಗುರುಗುಡುತ್ತ ನಿಂತಿತ್ತು. ‘ಅಳಿಯಾರ, ನಾ ಇಲ್ಲಿಂದ ಬಸ್ಸಿಗೆ ಹೋಗಲೇನ್ರಿ? ನಿಮ್ಮ ಗಾಡಿಗೂ ತ್ರಾಸ ತಪ್ಪತೈತಿ’ ಎಂದರು ಅತ್ತೆ. ಎಷ್ಟು ನಾಜೂಕಾಗಿ ಹೇಳಿದರೂ ನನಗೆ ಚುಚ್ಚಿತು. ಬೇಡವೆಂದು ಕಾರನ್ನು ಇನ್ನೂ ಜೋರಾಗಿ ಬಿಟ್ಟೆ. ಅವರ ಮನಸ್ಸನ್ನು ಬೇರೆ ಕಡೆ ತಿರುಗಿಸಲು ಧರ್ಮದ ಮಾತು ತೆಗೆದೆ. ಮಾತಿನ ಓಘದಲ್ಲಿ, ‘ನಾನೂ ಈಗ ರಾತ್ರಿ ಊಟ ಬಿಟ್ಟೇನ್ರಿ ಅತ್ತಿ’ ಎಂದುಬಿಟ್ಟೆ. ಹಿಂದಿನ ರಾತ್ರಿಯಷ್ಟೇ ನಿಪ್ಪಾಣಿ ಸ್ಟ್ಯಾಂಡಿನ ಬದಿಯಲ್ಲಿ ನಿಂತು ಮಿಸಳ ತಿಂದು, ಮೇಲೆ ಮತ್ತೊಂದು ಪಾವು ಕೇಳಿ ಇಸಿದುಕೊಂಡವನು ನಾನು. ಹಿಂದಿನ ಸೀಟಿನಲ್ಲಿ ತ್ರಿಶಲಾಳಿಗೆ ಕೆಮ್ಮು ಬಂತು. ಅತ್ತೆ ಮಾತ್ರ, ‘ಛಲೋ ಆತು ನೋಡ್ರಿ, ನನಗ ಭಾಳ ಸಮಾಧಾನ ಆತು’ ಎಂದು ನಿಜವಾಗಿಯೂ ಸಂತೋಷಪಟ್ಟರು. ಆ ಸಂತೋಷ ನೋಡಿ ನಾನು ಇನ್ನಷ್ಟು ಉಬ್ಬಿದೆ, ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ.

ಕರೋಶಿಯ ರಸ್ತೆಗೆ ಹೊರಳಿ ಸ್ವಲ್ಪ ದೂರ ಹೋಗಿದ್ದೆವು. ಎರಡೂ ಕಡೆ ಆಳೆತ್ತರದ ಕಬ್ಬು. ತಿರುವು ದಾಟಿದ್ದೇ ರಸ್ತೆಗೆ ಅಡ್ಡಲಾಗಿ ಕಲ್ಲು ಮಣ್ಣು ಹಾಕಿ ಕಟ್ಟಿದ ಉಬ್ಬು. ನಮ್ಮ ಕಡೆಯ ರೈತರು ರಸ್ತೆಯ ಆಚೆಯ ಬಾವಿಯಿಂದ ಈಚೆಯ ಹೊಲಕ್ಕೆ ನೀರು ಹಾಯಿಸಲು ಪೈಪು ಎಳೆದು, ಅದರ ಮೇಲೆ ಹೀಗೆ ಮಣ್ಣು ಮುಚ್ಚಿಬಿಡುತ್ತಿದ್ದರು. ಎತ್ತಿನ ಗಾಡಿಗೆ, ಬಸ್ಸಿಗೆ ಅದೊಂದು ಲೆಕ್ಕವೇ ಅಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ನನ್ನ ಫಿಯಾಟಿಗೆ ಮಾತ್ರ ಅದು ಘಟ್ಟ. ಬ್ರೇಕ್ ಒತ್ತುವುದರೊಳಗೆ ಕೆಳಗಿನಿಂದ ‘ದಡ್’ ಎಂದಿತು, ‘ಕರ್’ ಎಂದು ಕೆರೆಯಿತು, ಎಂಜಿನ್ನು ನಿಂತೇಹೋಯಿತು. ಮುಂದಿನ ಗಾಲಿಗಳು ಉಬ್ಬು ದಾಟಿದ್ದವು, ಹಿಂದಿನವು ಇನ್ನೂ ಆಚೆ, ನಡುವಿನ ಹೊಟ್ಟೆ ಉಬ್ಬಿನ ಮೇಲೆ ಕುಳಿತಿತ್ತು. ಆ ಸದ್ದು ನನ್ನ ಸ್ವಂತ ಹೊಟ್ಟೆಯಲ್ಲಿ ಆದಂತಾಯಿತು.

‘ನೀವು ಇಳೀಬ್ಯಾಡ್ರಿ, ಬಿಸಲೈತಿ. ಈಗ ನೋಡಿ ಬಂದೆ’ ಎಂದು ಹೇಳಿ ನಾನೊಬ್ಬನೇ ಇಳಿದೆ. ಕಾರಿನ ಬಗ್ಗೆ ನನಗೆ ಗೊತ್ತಿದ್ದದ್ದು ಮೂರೇ ಶಬ್ದ: ರೇಡಿಯೇಟರ್, ಸೈಲೆನ್ಸರ್, ಚೇಂಬರ್. ಚೇಂಬರ್ ಎಂದರೆ ಎಂಜಿನ್ನಿನ ಕೆಳಗೆ ಎಣ್ಣೆ ತುಂಬಿಕೊಂಡಿರುವ ಡಬ್ಬಿ. ಅದು ಒಡೆದರೆ ಎಣ್ಣೆಯೆಲ್ಲ ಸೋರಿ ಎಂಜಿನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಕಾರನ್ನು ಗುಜರಿಗೆ ಹಾಕುವುದೇ ಸರಿ ಎಂದು ನಿಪ್ಪಾಣಿಯ ಮಿಸ್ತ್ರಿ ಹೆದರಿಸಿಟ್ಟಿದ್ದ. ಬಿಳಿ ಅಂಗಿಯ ಪರಿವೆಯಿಲ್ಲದೆ ರಸ್ತೆಯ ಮೇಲೆ ಅಂಗಾತ ಮಲಗಿ ತಲೆ ಒಳಗೆ ತೂರಿಸಿದೆ. ಕತ್ತಲು, ಕಾವು, ಮಣ್ಣಿನ ವಾಸನೆ. ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳಿನಿಂದ ಬಡಿದು ನೋಡಿದೆ. ಯಾವುದು ಚೇಂಬರೋ ಯಾವುದು ಅಲ್ಲವೋ, ಎಲ್ಲವೂ ಒಂದೇ ಥರ ‘ಟಣ್’ ಎಂದವು. ಮುಂದಿನ ಗಾಲಿಗಳ ನಡುವೆ, ಉಬ್ಬಿನ ಬುಡದಲ್ಲಿ, ಅಂಗೈಯಗಲ ಮಣ್ಣು ಒದ್ದೆಯಾಗಿತ್ತು. ಮೂಸಿ ನೋಡಿದೆ. ಎಣ್ಣೆಯಲ್ಲ, ನೀರು. ಅರ್ಧ ಜೀವ ಬಂತು. ಆದರೆ ಯಾವ ನೀರು? ಡಬ್ಬಿಯಿಂದ ತೀರಿಸಬಹುದಾದ ಹಳೆಯ ತೊಟ್ಟೋ, ಈಗಿನ ಪೆಟ್ಟಿಗೆ ರೇಡಿಯೇಟರ್ ಒಡೆದದ್ದೋ?

ಅಷ್ಟರಲ್ಲಿ ಕಾರಿನ ಆ ಬದಿಯಿಂದ ಇನ್ನೊಂದು ತಲೆ ಒಳಗೆ ಬಂತು. ಪಟಕಾ ಸುತ್ತಿದ, ಮೀಸೆಯ, ನನ್ನಷ್ಟೇ ಗಾಬರಿಯಾದ ತಲೆ. ‘ಒಡೀತೇನ್ರಿ?’ ಎಂದಿತು. ಪಾಪ, ನನ್ನ ಕಾರಿನ ಚಿಂತೆ ಇವನಿಗೂ ಎಷ್ಟಿದೆ ಎಂದು ಕರಗಿ, ‘ಒಡದಂಗ ಕಾಣತೈತ್ರಿ’ ಎಂದೆ. ‘ಅಯ್ಯ ದೇವರ, ಮೊನ್ನಿ ಮೊನ್ನಿ ಹಾಕಿದ ಪೈಪ್ರಿ’ ಎಂದು ಆತ ನೆಲಕ್ಕೆ ಹಣೆ ಹಚ್ಚಿದ. ಆ ಹೊಲದ ರೈತ ಲಗಮಣ್ಣ ಆತ. ಇಬ್ಬರೂ ಹೊರಗೆ ಬಂದು ಎದ್ದು ನಿಂತೆವು. ಕರುಣೆ ಅಲ್ಲಿಗೆ ಮುಗಿಯಿತು.

‘ರಸ್ತಾಕ್ಕ ಅಡ್ಡ ದಿಬ್ಬ ಕಟ್ಟಾಕ ನಿಮಗ ಯಾರ್ ಹೇಳ್ಯಾರ?’ ಎಂದೆ.

‘ಕಬ್ಬು ಹೇಳೈತ್ರಿ. ಬಾಂವಿ ಆ ಕಡಿ ಐತಿ, ಕಬ್ಬು ಈ ಕಡಿ ಐತಿ. ನಡುವ ರಸ್ತಾ ಹಾಕಿದವರನ್ನ ಕೇಳ್ರಿ. ನೀವು ಅಷ್ಟು ಜೋರ್ ಬರೂದೈತೇನು? ನೋಡ್ರಿ, ನೀರ್ ಹೊಂಟೈತಿ.’

‘ಆ ನೀರ್ ನಿಮ್ದು.’

‘ನಂದು ಹೆಂಗಾಗತೈತ್ರಿ? ನಿಮ್ಮ ಗಾಡಿ ತಳಗ ಐತಿ.’

‘ನಿಮ್ಮ ಪೈಪಿನ ಬುಡಕ ಐತಿ.’

ಹಾಗೆ ನೋಡಿದರೆ ಆ ನೀರು ಆತನದಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ನನ್ನದಾಗಲಿ ಎಂದು ಆತ. ಪರೀಕ್ಷೆ ಮಾಡಲು ದಾರಿ ಇರಲಿಲ್ಲವೆಂದಲ್ಲ. ಆತ ಪಂಪು ಹಚ್ಚಿದ್ದರೆ ಪೈಪಿನ ಹಣೆಬರಹ ತಿಳಿಯುತ್ತಿತ್ತು. ಆದರೆ ಕರೆಂಟು ಆಗಷ್ಟೇ ಹೋಗಿತ್ತು. ನಾನು ಬಾನೆಟ್ ಎತ್ತಿ ರೇಡಿಯೇಟರ್ ನೋಡಿದ್ದರೆ ನನ್ನದು ತಿಳಿಯುತ್ತಿತ್ತು. ಆದರೆ ಅದರಲ್ಲಿ ನೀರು ಎಷ್ಟಿದ್ದೀತೆಂದು ನನಗೆ ನೋಡದೆಯೇ ಗೊತ್ತಿತ್ತು. ಕೊನೆಗೆ ಲಗಮಣ್ಣನೇ ಉಪಾಯ ತೆಗೆದ. ಎಂಜಿನ್ನಿನ ನೀರಾದರೆ ಬಿಸಿ ಇರಬೇಕು, ಬಾವಿಯ ನೀರಾದರೆ ತಣ್ಣಗಿರಬೇಕು. ಇಬ್ಬರೂ ಮತ್ತೆ ಮಲಗಿ ಒಂದೊಂದು ಬೆರಳು ಅದ್ದಿದೆವು. ಬಿಸಿಲಿಗೆ ಬಿದ್ದ ಪೈಪಿನ ನೀರೂ ಕಾದಿರುತ್ತದೆ, ಮಣ್ಣಿಗೆ ಬಿದ್ದ ಎಂಜಿನ್ನಿನ ನೀರೂ ಆರಿರುತ್ತದೆ. ಆ ನೀರು ಉಗುರುಬೆಚ್ಚಗಿತ್ತು. ‘ಬಿಸಿ ಐತಿ’ ಎಂದ ಆತ. ‘ತಣ್ಣಗೈತಿ’ ಎಂದೆ ನಾನು.

‘ಏನ್ರಿ,’ ಎಂದಳು ತ್ರಿಶಲಾ ಕಿಟಕಿಯಿಂದ. ‘ಅವ್ವ ನಿನ್ನಿ ಮಧ್ಯಾಹ್ನದಿಂದ ನೀರು ಸುದ್ದಾ ಕುಡದಿಲ್ಲ.’

ಗೊತ್ತಿತ್ತು. ಅತ್ತೆ ಕಬ್ಬಿನ ತುದಿಗೆ ಇಳಿಯುತ್ತಿದ್ದ ಸೂರ್ಯನ ಕಡೆಗೆ ಒಮ್ಮೆ ಮುಖ ತಿರುಗಿಸಿ, ಮತ್ತೆ ಮಡಿಲಲ್ಲಿದ್ದ ಕೈ ನೋಡುತ್ತ ಕುಳಿತರು. ಅವರ ತುಟಿ ಒಣಗಿ ಬೆಳ್ಳಗಾಗಿತ್ತು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ‘ಬಂದೇ ಬಂದೆ, ನಿಮ್ಮ ಸಲುವಾಗೇ ನೋಡಾಕತ್ತೇನಿ. ನಡುದಾರ್ಯಾಗ ಎಂಜಿನ್ ಹೋದ್ರ ಏನ್ ಮಾಡೂದು?’ ಎಂದೆ. ಹೇಳುವಾಗ ನಾನೂ ಅದನ್ನು ನಂಬಿದ್ದೆ.

ಈಗ ಜಗಳ ಕಾರು ಯಾವ ದಿಕ್ಕಿಗೆ ಹೋಗಬೇಕೆಂಬುದಕ್ಕೆ ತಿರುಗಿತು. ನಾನು ಮುಂದಕ್ಕೆ ಎಂದೆ, ಮನೆ ಆ ಕಡೆಗಿತ್ತು. ಆತ ಹಿಂದಕ್ಕೆ ಎಂದ. ಮುಂದಕ್ಕೆ ಬಿಟ್ಟರೆ ಹಿಂದಿನ ಗಾಲಿಗಳೂ ಅವನ ಪೈಪಿನ ಮೇಲೆ ಹಾಯಬೇಕು. ತನ್ನ ಸಲಿಕೆಯನ್ನು ಗಾಲಿಗೆ ಅಡ್ಡ ಇಟ್ಟು ಅದರ ಮೇಲೆ ಕಾಲಿಟ್ಟು ನಿಂತ. ಹೊಟ್ಟೆ ಉಬ್ಬಿಗೆ ತಾಗಿರುವಾಗ ಯಾವ ಕಡೆಗೆ ಎಳೆದರೂ ಚೇಂಬರೋ ಸೈಲೆನ್ಸರೋ ಕಿತ್ತುಹೋಗುವುದು ಖಂಡಿತ ಎಂದು ನನಗೆ ಒಳಗೊಳಗೇ ನಡುಕ. ಯಾವ ದಿಕ್ಕೂ ಬೇಡವಾಗಿದ್ದರಿಂದಲೇ ಅಷ್ಟು ಜೋರಾಗಿ ವಾದಿಸುತ್ತಿದ್ದೆನೋ ಏನೋ. ನಡುವೆ ಫ್ಯಾಕ್ಟರಿಗೆ ಕಬ್ಬು ಹಾಕಿ ಬರುತ್ತಿದ್ದ ಖಾಲಿ ಎತ್ತಿನ ಗಾಡಿಯೊಂದು ಹಿಂದೆ ಬಂದು ನಿಂತಿತು. ಗಾಡಿಯವನು ಏನೋ ಕೇಳಿದ, ನಾವಿಬ್ಬರೂ ಅವನಿಗೆ ಏಕಕಾಲಕ್ಕೆ ನ್ಯಾಯ ಒಪ್ಪಿಸಿದೆವು, ಆತ ನಕ್ಕು ಎತ್ತುಗಳನ್ನು ಬದಿಗೆ ಹೊಡೆದುಕೊಂಡು ಹೊಲದಂಚಿಗೆ ಇಳಿಸಿದ. ನಾವು ವಾದ ಮುಂದುವರಿಸಿದೆವು.

ಇದ್ದಕ್ಕಿದ್ದಂತೆ ಲಗಮಣ್ಣ ಬಾಯಿ ನಿಲ್ಲಿಸಿ ಬಗ್ಗಿದ. ‘ಸಾಹೇಬ್ರ, ನಿಮ್ಮ ಗಾಡಿ ಮ್ಯಾಲ ಎದ್ದೈತಿ ನೋಡ್ರಿ’ ಎಂದ. ನಾನೂ ಬಗ್ಗಿದೆ. ಹೌದು. ಉಬ್ಬಿಗೂ ಕಾರಿಗೂ ನಡುವೆ ನಾಲ್ಕು ಬೆರಳು ಹೋಗುವಷ್ಟು ಸಂದು. ದೇವರೇ ಎತ್ತಿದನೋ ಎಂದು ಬೆರಗಾಗಿ ತಲೆ ಎತ್ತಿದರೆ ಕಿಟಕಿಯೊಳಗಿಂದ ಆಚೆಯ ಕಬ್ಬು ಕಾಣುತ್ತಿತ್ತು. ಹಿಂದಿನ ಸೀಟು ಖಾಲಿ. ದೂರದಲ್ಲಿ, ಊರಿಗೆ ಹತ್ತಿರವಾಗುವ ಹೊಲಗಳ ನಡುವಿನ ಒಳದಾರಿಯಲ್ಲಿ, ಅದೇ ಎತ್ತಿನ ಗಾಡಿಯ ಮೇಲೆ ಎರಡು ಸೀರೆ, ಬೆನ್ನು ನಮ್ಮ ಕಡೆಗೆ. ಅತ್ತೆ ಬಡಕಲು. ಉಳಿದ ಭಾರದ ಬಗ್ಗೆ ಬರೆಯುವ ಧೈರ್ಯ ನನಗೆ ಇಂದಿಗೂ ಇಲ್ಲ. ಇಳಿಯಬೇಡಿರೆಂದು ಅವರನ್ನು ಅಷ್ಟು ಹೊತ್ತು ಒಳಗೆ ಕೂರಿಸಿದವನೇ ನಾನು. ಮೊದಲೇ ಇಳಿಸಿದ್ದರೆ ಆಗಲೇ ಮನೆಯಲ್ಲಿರುತ್ತಿದ್ದೆವು.

ಕೇಳುವವರು ಇಲ್ಲವಾದ ಮೇಲೆ ನಮ್ಮಿಬ್ಬರ ವಾದಕ್ಕೆ ಜೀವವೇ ಉಳಿಯಲಿಲ್ಲ. ಡಿಕ್ಕಿ ತೆಗೆದು ನೀರಿನ ಡಬ್ಬಿ ಹೊರಗೆಳೆದೆ. ಲಗಮಣ್ಣ ಡಬ್ಬಿಯನ್ನೂ ನನ್ನನ್ನೂ ನೋಡಿದ. ‘ಡಬ್ಬಿ ಇಟಗೊಂಡ ಅಡ್ಡಾಡತೀರೇನ್ರಿ? ಅಂದ್ರ ಇದು ಹಳೇ ಸೋರಿಕಿ’ ಎಂದ. ಮುಖ ತಪ್ಪಿಸಿ ಉಬ್ಬಿನ ಕಡೆ ನೋಡಿದೆ. ನನ್ನ ಕಾರು ಕೆರೆದು ಮಣ್ಣು ಸರಿದಲ್ಲಿ ಪೈಪು ಕಾಣುತ್ತಿತ್ತು. ಅದಕ್ಕೆ ಸೈಕಲ್ಲಿನ ಟ್ಯೂಬು ಬಿಗಿದು ಕಟ್ಟಿತ್ತು. ಟ್ಯೂಬಿನ ಮೇಲೆ ಹಸಿರು ಪಾಚಿ ದಟ್ಟವಾಗಿ ಬೆಳೆದಿತ್ತು. ‘ಮೊನ್ನಿ ಮೊನ್ನಿ ಹಾಕಿದ್ದೇನ್ರಿ ಲಗಮಣ್ಣಾ?’ ಎಂದೆ. ಆತ ಪಟಕಾ ತೆಗೆದು ತಲೆ ಕೆರೆದುಕೊಂಡ. ‘ಗಾಡಿಯವರು ಯಾರರೆ ಹಾಯ್ಸಿದ್ರ ಅವರ ಕಡಿಂದ ಹೊಸಾದು ಹಾಕಿಸಿಕೊಳ್ಳೂಣು ಅಂತ ಮನಸ್ನ್ಯಾಗ ಇತ್ರಿ’ ಎಂದ. ನನ್ನ ಮನಸ್ಸಿನಲ್ಲಿ ಏನಿತ್ತೆಂದು ಆತ ಕೇಳಲಿಲ್ಲ. ಅದು ಅವನ ದೊಡ್ಡಗುಣ. ಡಬ್ಬಿಯ ನೀರನ್ನು ರೇಡಿಯೇಟರಿಗೆ ಸುರಿದು ಬಗ್ಗಿ ನೋಡಿದರೆ ಚೇಂಬರಿಗೆ ಗೀರು ಬಿದ್ದಿತ್ತು, ಅಷ್ಟೇ. ನಾನು ಎಂಜಿನ್ನು ಶುರುಮಾಡಿದೆ, ಆತ ಸಲಿಕೆ ತೆಗೆದು ಹಿಂದಿನಿಂದ ನೂಕಿದ. ಕಾರು ಉಬ್ಬು ದಾಟಿ ಇಳಿಯಿತು, ಎಲ್ಲಿಯೂ ತಾಗಲಿಲ್ಲ.

ಅಲ್ಲಿಂದ ಕರೋಶಿಯವರೆಗೆ ಎಂಜಿನ್ನು ಮತ್ತೆ ಮತ್ತೆ ದಣಿಯಿತು, ನಾನು ರಸ್ತೆ ನೋಡಿದ್ದಕ್ಕಿಂತ ಆಕಾಶ ನೋಡಿದ್ದೇ ಹೆಚ್ಚು. ಊರ ಅಂಚು ಮುಟ್ಟುವುದರೊಳಗೆ ಸೂರ್ಯ ಮುಳುಗಿಯೇಬಿಟ್ಟ. ಎತ್ತಿನ ಗಾಡಿ ಮುಟ್ಟಿತೋ ಇಲ್ಲವೋ. ಇಲ್ಲವಾದರೆ ಆ ಮುದುಕಿ ನಾಳೆಯವರೆಗೆ ಒಂದು ಗುಟುಕು ನೀರಿಲ್ಲದೆ ಇರಬೇಕು, ಅದೂ ನನ್ನ ದೆಸೆಯಿಂದ. ಮನೆಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದೆ. ಪಡಸಾಲೆಯಲ್ಲಿ ಅತ್ತೆ ಜಪದ ಸರ ಹಿಡಿದು ಕುಳಿತಿದ್ದರು. ತ್ರಿಶಲಾಳ ಮುಖ ನೋಡಿದೆ. ‘ಉಂಡಾಳ’ ಎಂದಳು. ‘ಕೈ ತೊಳಕೊಂಡ ಮ್ಯಾಲ ಹೊತ್ತು ಮುಣಗಿತು.’ ನನಗೆ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

‘ಗಾಡಿಗೆ ಏನರೆ ಆತೇನ್ರಿ ಅಳಿಯಾರ?’ ಎಂದು ಅತ್ತೆಯೇ ಕೇಳಿದರು. ಏನೂ ಆಗಿಲ್ಲವೆಂದೆ. ‘ಪುಣ್ಯಾ. ನಿಮ್ಮ ಜೀವೆಲ್ಲಾ ಅದರಾಗ ಇತ್ತು’ ಎಂದರು. ಮಾತಿನಲ್ಲಿ ಕೊಂಕಿತ್ತೋ ಎಂದು ಇಂದಿಗೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಅತ್ತೆ ಬೆಳಿಗ್ಗೆಯೇ ಮಾಡಿಟ್ಟು, ಈಗ ಬಿಸಿ ಮಾಡಿದ್ದ ಹೆಸರುಕಾಳಿನ ಪಲ್ಯದ ವಾಸನೆ ಒಳಗಿನಿಂದ ಇನ್ನೂ ಬರುತ್ತಿತ್ತು. ಮಧ್ಯಾಹ್ನ ಸಾಲೆಯ ಗಡಿಬಿಡಿಯಲ್ಲಿ ಎರಡು ರೊಟ್ಟಿ ಮುರಿದವನು, ರಸ್ತೆಯ ಮೇಲೆ ಅಷ್ಟು ಉರುಳಾಡಿದವನು, ಹಸಿವು ಆಗ ತಲೆಗೇರಿತು. ನನ್ನ ನೋಟ ಅಡುಗೆಮನೆಯ ಕಡೆ ಹೋದದ್ದನ್ನು ತ್ರಿಶಲಾ ಕಂಡಳು. ‘ಅವ್ವಾ, ಇವರಿಗೆ ಬಡಸಲೇನ?’ ಎಂದು ಮುದ್ದಾಮಾಗಿ ಗಟ್ಟಿಯಾಗಿ ಕೇಳಿದಳು.

‘ಛೇ, ಕೇಳಬ್ಯಾಡ ಮಗಳ,’ ಎಂದರು ಅತ್ತೆ. ಅವರ ಮುಖದ ಮೇಲೆ ಕಾರಿನಲ್ಲಿ ಕಂಡ ಅದೇ ಸಂತೋಷ. ‘ಅಳಿಯಾರೂ ರಾತ್ರಿ ಊಟ ಬಿಟ್ಟಾರ. ನೇಮದವರ ಮುಂದ ಊಟದ ಸುದ್ದಿ ತಗೀಬಾರದು.’

ತ್ರಿಶಲಾಳಿಗೆ ಮತ್ತೆ ಕೆಮ್ಮು ಬಂತು. ನಾನು ಗಂಭೀರವಾಗಿ ತಲೆಯಾಡಿಸಿ, ಹಾಸಿಗೆ ಹಾಸಿಕೊಂಡು ಗೋಡೆಯ ಕಡೆ ಹೊರಳಿದೆ. ಮರುದಿನ ಬೆಳಿಗ್ಗೆ, ಆ ಕಾರು ಕೊಂಡ ಮೇಲೆ ಮೊದಲ ಸಲ, ಎದ್ದವನು ಕಾರಿನ ಕೆಳಗೆ ನೋಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಒಲೆ ಹೊತ್ತಿದೆಯೇ ಎಂದು ನೋಡಿದೆ.