ಮುಂಬಾಗಿಲು ಬಿಟ್ಟು ಬಿರುಕಿನಲ್ಲಿ ನುಗ್ಗುವ ಗಾಳಿಯವರಿಗೆ

ಗೆ,
ಸರ್ವವ್ಯಾಪಿಗಳಾದ ಗಾಳಿಯವರು,
ಎಲ್ಲ ಕಡೆ.

ವಿಷಯ: ನಾನು ಕೈಯಾರೆ ಮಾಡಿದ ಮ್ಯಾನಿಫೋಲ್ಡಿನೊಳಗೆ ತಾವು ಕರೆಯದೆ ಪ್ರವೇಶಿಸುತ್ತಿರುವ ಬಗ್ಗೆ.

ಮಾನ್ಯರೇ,

ಸಮಸ್ತ ಜೀವರಾಶಿಯ ಮೂಗಿನಲ್ಲಿ ಹಗಲಿರುಳು ಓಡಾಡುತ್ತ ಒಂದು ದಿನವೂ ರಜೆ ಹಾಕದ ತಮಗೆ ಈ ಪಂಕ್ಚರ್ ಅಂಗಡಿಯವನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂಬುದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ಈ ಪತ್ರ ಬರೆಯುತ್ತಿರುವಾಗಲೇ ತಾವು ಹಾಳೆಯ ಮೂಲೆ ಎತ್ತಿ ಎತ್ತಿ ಇಣುಕುತ್ತಿದ್ದೀರಿ. ಹಾಳೆಯ ಮೇಲೆ ನಾನು ಸ್ಪ್ಯಾನರ್ ಇಟ್ಟಿರುವುದನ್ನು ಅಗೌರವವೆಂದು ತಿಳಿಯಬಾರದು. ಖಾಸಗಿಯಾಗಿಯೇ ಬರೆಯಬೇಕೆಂದಿದ್ದೆ. ಆದರೆ ತಮ್ಮ ಕಿವಿಗೆ ಬಿದ್ದ ಮಾತು ಹೇಗೂ ಸಂಜೆಯೊಳಗೆ ಬೀದಿಗೆಲ್ಲ ಹಬ್ಬುವುದರಿಂದ, ಮೊದಲೇ ಬಹಿರಂಗ ಪತ್ರವೆಂದು ಕರೆದುಬಿಟ್ಟರೆ ನನ್ನ ಮರ್ಯಾದೆಯಾದರೂ ಉಳಿದೀತೆಂದು ಹೀಗೆ ಮಾಡಿದ್ದೇನೆ.

ನನ್ನ ಪರಿಚಯ ತಮಗೆ ಬೇಕಿಲ್ಲ. ಬಸ್ ನಿಲ್ದಾಣದ ಹಿಂದಿನ ತಿರುವಿನಲ್ಲಿ, ಬೋರ್ಡಿನ ಬದಲು ಹಳೆಯ ಟಯರೊಂದನ್ನು ನೇತುಹಾಕಿಕೊಂಡಿರುವ ಅಂಗಡಿ ನನ್ನದು. ತಮ್ಮನ್ನು ಪಂಪಿನಲ್ಲಿ ಹಿಡಿದು ಟ್ಯೂಬಿನಲ್ಲಿ ತುಂಬಿ, ಇಲ್ಲೇ ಇರಿ ಎಂದು ಬೇಡಿಕೊಳ್ಳುವುದೇ ನನ್ನ ಕಸುಬು. ತಾವು ಒಮ್ಮೆಯಾದರೂ ಇದ್ದವರಲ್ಲ. ಮೊಳೆ ಚುಚ್ಚಿದರೆ ಹೋಗುತ್ತೀರಿ, ಮುಳ್ಳು ಚುಚ್ಚಿದರೆ ಹೋಗುತ್ತೀರಿ, ಏನೂ ಚುಚ್ಚದಿದ್ದರೆ ಬೇಸರವಾಗಿ ಹೋಗುತ್ತೀರಿ. ಅದರ ಬಗ್ಗೆ ನನ್ನ ದೂರಿಲ್ಲ, ತಾವು ಹೋಗುವುದರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿದೆ. ನನ್ನ ದೂರಿರುವುದು ತಾವು ಬರುವುದರ ಬಗ್ಗೆ.

ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಅಂಗಡಿಗೆ ಹೊಂದಿಕೊಂಡ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರವಿಟ್ಟುಕೊಂಡು ಬಟ್ಟೆ ಹೊಲಿಯುತ್ತಾರೆ. ಅವರ ಅಕ್ಕನ ಮನೆ ಊರಾಚೆಯ ದಿಬ್ಬದ ನೆತ್ತಿಯಲ್ಲಿದೆ. ನಾವು ಅಲ್ಲಿಗೆ ಹೊರಟಾಗಲೆಲ್ಲ ನನ್ನ ಬೈಕು ದಿಬ್ಬದ ನಡುವೆ ಒಂದೆರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಅಕ್ಕನ ಯಜಮಾನರು, ಅಂದರೆ ನನ್ನ ಷಡ್ಡಕರು, ಮಹಡಿಯ ಮೇಲಿಂದ ಅದನ್ನು ನೋಡಿ ಕಾರು ಇಳಿಸಿಕೊಂಡು ಬರುತ್ತಿದ್ದರು. ಬಹಳ ಒಳ್ಳೆಯವರು, ತೊಂದರೆಯೇ ಅದು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಅವರು ಕಾರಿನ ಗಾಜಿಳಿಸಿ, "ಏನಪ್ಪಾ, ನಿನ್ನ ಬೈಕಿಗೆ ಮತ್ತೆ ಸುಸ್ತಾಯ್ತಾ?" ಎಂದು ಮೃದುವಾಗಿ ಕೇಳಿ, ನಮ್ಮ ಮನೆಯವರನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನಾನು ಬೈಕು ತಳ್ಳಿಕೊಂಡು ಮೇಲೆ ಮುಟ್ಟುವ ಹೊತ್ತಿಗೆ ಊಟ ಆರಿರುತ್ತಿತ್ತು, ನನ್ನ ಕಥೆ ಮಾತ್ರ ಬಿಸಿಬಿಸಿಯಾಗಿರುತ್ತಿತ್ತು.

ಅಕ್ಕನ ಮನೆಗೆ ಹೊಸ ಬಣ್ಣ ಬಳಿಸಿದ್ದಾರೆಂದು ಭಾನುವಾರದ ಊಟಕ್ಕೆ ಕರೆ ಬಂದಾಗ ನಮ್ಮ ಮನೆಯವರು ಹೊಲಿಗೆ ನಿಲ್ಲಿಸದೆ, ತಲೆಯೂ ಎತ್ತದೆ, "ರೀ, ಈ ಸಲ ಅವರ ಗೇಟಿನ ತನಕ ಎಂಜಿನ್ ಓಡ್ತಾನೇ ಇರ್ಬೇಕು. ಮಧ್ಯ ನಿಂತ್ರೆ ಅದನ್ನ ಗುಜರಿಗೆ ಹಾಕಿ, ನಾನಂತೂ ಇನ್ನು ಹತ್ತಲ್ಲ" ಎಂದರು. ಗುಜರಿಯ ಮಾತಿಗಿಂತ ಅವರು ತಲೆ ಎತ್ತದೇ ಇದ್ದದ್ದು ನನಗೆ ಹೆಚ್ಚು ನೋವು ತಂದಿತು. ಮದುವೆಯಾದ ಹೊಸತರಲ್ಲಿ ಇದೇ ಬೈಕಿನ ಮೇಲೆ ನನ್ನ ಸೊಂಟ ಹಿಡಿದು ಕೂರುತ್ತಿದ್ದವರು, ಈಚೆಗೆ ಹಿಂದಿನ ಕಂಬಿ ಹಿಡಿದು, ನಮ್ಮಿಬ್ಬರ ನಡುವೆ ಹೊಲಿದ ಬಟ್ಟೆಯ ಚೀಲವನ್ನು ಇಟ್ಟುಕೊಂಡು ಕೂರುತ್ತಾರೆ. ಆ ಚೀಲವೂ ಇಲ್ಲದೆ, ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಬೈಕು ಓಡಿಸುವುದನ್ನು ನೆನೆದೇ ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ.

ತೊಂದರೆಯ ಮೂಲ ಹಳೆಯ ಕಾರ್ಬ್ಯುರೇಟರ್. ಅದು ಒಳಗೆಲ್ಲ ಸವೆದುಹೋಗಿತ್ತು, ಅಂಥದ್ದನ್ನು ಮಾಡುವುದನ್ನೂ ಕಂಪನಿಯವರು ಎಂದೋ ಬಿಟ್ಟಿದ್ದರು. ಗುಜರಿಯಲ್ಲಿ ಇನ್ನೊಂದು ದೊಡ್ಡ ಬೈಕಿನ ಕಾರ್ಬ್ಯುರೇಟರ್ ಸಿಕ್ಕಿತು. ಅದರ ಬಾಯಿ ನಮ್ಮ ಎಂಜಿನ್ನಿನ ಬಾಯಿಗಿಂತ ಅಗಲ, ಬೋಲ್ಟುಗಳ ಜಾಗವೂ ಬೇರೆ. ಎರಡನ್ನೂ ಜೋಡಿಸಲು ನಡುವೆ ಒಂದು ಗಿಡ್ಡ ಕೊಳವೆ ಬೇಕು. ಅದಕ್ಕೇ ಮ್ಯಾನಿಫೋಲ್ಡ್ ಎನ್ನುವುದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಹನಿಗಳನ್ನು ಬೆರೆಸಿಕೊಂಡು, ಈ ಕೊಳವೆಯಲ್ಲಿ ಹಾದು, ಎಂಜಿನ್ನಿಗೆ ಗಂಭೀರವಾಗಿ ಪ್ರವೇಶಿಸುವುದಷ್ಟೇ ತಮ್ಮ ಪಾಲಿನ ಕೆಲಸ. ಆ ಕೊಳವೆಯನ್ನು ನಾನೇ ಮಾಡುತ್ತೇನೆಂದು ಹೊರಟೆ, ತಮ್ಮ ಮೇಲಿನ ಭರವಸೆಯಿಂದ.

ಯಾವ ಗಣ್ಯರ ಸ್ವಾಗತಕ್ಕೂ ಅಂಥ ದ್ವಾರ ಕಟ್ಟಿದ್ದಿಲ್ಲ, ಮಾನ್ಯರೇ! ನಮ್ಮ ಮನೆಯವರ ಹಳೆಯ ಇಸ್ತ್ರಿಪೆಟ್ಟಿಗೆಯ ದಪ್ಪ ಅಲ್ಯುಮಿನಿಯಂ ತಳವನ್ನು ಬಿಚ್ಚಿ, ಎಂಜಿನ್ನಿನ ಬಾಯಿಯ ಅಳತೆಯನ್ನು ರಟ್ಟಿನ ಮೇಲೆ ಬರೆದುಕೊಂಡು, ಗರಗಸದಲ್ಲಿ ಕೊಯ್ದು, ತೂತು ಕೊರೆದು, ಅಂಗೈ ಬೊಬ್ಬೆ ಬರುವ ತನಕ ಅರ ಹಾಕಿ ಉಜ್ಜಿದೆ. ಕೊಳವೆಗೆ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಮಡಚುವ ಕುರ್ಚಿಯ ಬಾಗಿದ ಕಾಲನ್ನು ಕತ್ತರಿಸಿದೆ. ಆ ಕುರ್ಚಿ ಈಗ ಗೋಡೆಗೊರಗಿ ನಿಂತಿದೆ, ಗಿರಾಕಿಗಳೂ ಅದರ ಪಕ್ಕದಲ್ಲಿ ನಿಲ್ಲುತ್ತಾರೆ. ಎದುರಿನ ವೆಲ್ಡಿಂಗ್ ಅಂಗಡಿಯವರು ಎರಡನ್ನೂ ತಿರುಗಿಸಿ ನೋಡಿ, "ಅಣ್ಣ, ಇದು ಅಲ್ಯುಮಿನಿಯಂ, ಅದು ಕಬ್ಬಿಣ. ಇವೆರಡೂ ಕೂಡಲ್ಲ. ಬೇರೆ ಮಾಡ್ಕೊಂಡ್ ಬಾ" ಎಂದರು. ಕೂಡದವರನ್ನು ಕೂಡಿಸುವುದರಲ್ಲೇ ಜಾಣತನವಿದೆಯೆಂದು ನಾನು ಕೊಳವೆಯನ್ನು ತೂತಿಗೆ ಬಡಿದು ಕೂರಿಸಿ, ಸುತ್ತ ಕಲಸುವ ಅಂಟಿನ ಮುದ್ದೆ ಮೆತ್ತಿ, ಇನ್ನೊಂದು ತುದಿಗೆ ಕಾರ್ಬ್ಯುರೇಟರ್ ಸಿಕ್ಕಿಸಿ ಲಾರಿ ಟ್ಯೂಬಿನ ಪಟ್ಟಿ ಸುತ್ತಿ, ಕ್ಲಿಪ್ಪು ಬಿಗಿದೆ.

ಕಿಕ್ಕರ್ ಒದ್ದೆ. ಎಂಜಿನ್ ಓಡಿತು. ನಾನು ಇಲ್ಲದ ಮೀಸೆಯನ್ನು ತಿರುವಿಕೊಳ್ಳುತ್ತಿರುವಾಗಲೇ ಅದು ಯಾರೂ ಆಕ್ಸಿಲರೇಟರ್ ಮುಟ್ಟದೆ ತಾನಾಗಿಯೇ ಕಿರುಚತೊಡಗಿತು. ಹೆದರಿ ಗೇರು ಹಾಕಿದರೆ ಗಪ್ಪೆಂದು ಸತ್ತಿತು. ಪೆಟ್ರೋಲು ಸಾಲದೆ, ಬರಿಯ ಗಾಳಿ ಕುಡಿದು ಹೀಗಾಡುತ್ತಿದೆಯೆಂದು ನನಗೆ ತಕ್ಷಣ ತಿಳಿಯಿತು. ಅಷ್ಟು ಅಗಲವಾದ ಮುಂಬಾಗಿಲು ತೆರೆದಿಟ್ಟಿದ್ದರೂ ತಾವು ಎಲ್ಲಿಯದೋ ಸಂದಿಯಲ್ಲಿ ಪೆಟ್ರೋಲಿನ ಸಹವಾಸವೇ ಬೇಡವೆಂದು ನುಗ್ಗುತ್ತಿದ್ದಿರಿ. ಕದ್ದು ಬರುವ ಅಗತ್ಯ ತಮಗೇನಿತ್ತೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ತಮ್ಮನ್ನು ಯಾರಾದರೂ ತಡೆದಿದ್ದರೇ? ಟಿಕೆಟು ಕೇಳಿದ್ದರೇ?

ಆ ಸಂದಿಯನ್ನು ಹುಡುಕುವುದು ನನಗೆ ನೀರು ಕುಡಿದಷ್ಟು ಸುಲಭವೆಂದುಕೊಂಡೆ. ಸೋರುವ ಜಾಗ ಹುಡುಕುವುದೇ ನನ್ನ ವಿದ್ಯೆಯಲ್ಲವೇ? ಬೋಗುಣಿಯಲ್ಲಿ ಸೋಪಿನ ನೀರು ಕಲಸಿ, ಓಡುವ ಎಂಜಿನ್ನಿನ ಜೋಡಣೆಗಳಿಗೆಲ್ಲ ಹಳೆಯ ಬ್ರಷ್ಷಿನಲ್ಲಿ ಬಳಿದು, ಎಲ್ಲಿ ಗುಳ್ಳೆ ಏಳುತ್ತದೆಂದು ಕಣ್ಣು ಮಿಟುಕಿಸದೆ ಕಾದೆ. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಬಳಿದೆ, ಮತ್ತೆ ಕಾದೆ, ಕೊನೆಗೆ ಸೋರಿಕೆಯೇ ಇಲ್ಲವೆಂದು ವೆಲ್ಡಿಂಗ್ ಅಂಗಡಿಗೆ ಕೇಳುವಂತೆ ಘೋಷಿಸಿದೆ. ಅಷ್ಟರಲ್ಲಿ ಸೈಲೆನ್ಸರಿನಿಂದ ಬೆಳ್ಳಗಿನ ಹೊಗೆ ಎದ್ದು, ಇಡೀ ಬೀದಿಗೆ ಈಗಷ್ಟೇ ಮಿಂದು ಬಂದವರ ಪರಿಮಳ ಹರಡಿತು.

ನಮ್ಮ ಮನೆಯವರು ಯಂತ್ರ ನಿಲ್ಲಿಸಿ ಹೊರಗೆ ಬಂದು, ಬೋಗುಣಿ ನೋಡಿ, ಹೊಗೆ ನೋಡಿ, ನನ್ನ ಮುಖ ನೋಡಿ, "ರೀ, ಅರ್ಧ ಬೋಗುಣಿ ನೀರು ಎಲ್ಲಿಗೆ ಹೋಯ್ತು?" ಎಂದು ಕೇಳಿದರು. ಟ್ಯೂಬಿನಲ್ಲಾದರೆ ತಾವು ಹೊರಗೆ ಬರುತ್ತೀರಿ, ಗುಳ್ಳೆ ಏಳುತ್ತದೆ. ಎಂಜಿನ್ ಒಳಗೆ ಎಳೆಯುವಂಥದ್ದು, ಅಲ್ಲಿ ತಾವು ಒಳಗೆ ಹೋಗುತ್ತೀರಿ, ಹೋಗುವಾಗ ನನ್ನ ಸೋಪನ್ನೂ ಜೊತೆಗೆ ಕರೆದೊಯ್ಯುತ್ತೀರಿ. ಇಷ್ಟು ವರ್ಷ ತಮ್ಮ ಬೆನ್ನನ್ನೇ ನೋಡಿದವನಿಗೆ ತಾವು ಎದುರಾಗಿ ಬರುವುದು ಹೊಳೆಯಲಿಲ್ಲ, ಏನು ಮಾಡಲಿ? ನಾಲಿಗೆ ಕಚ್ಚಿಕೊಂಡೆ. ನಮ್ಮ ಮನೆಯವರು ಕೊರಳಿಗೆ ಅಂಟಿಕೊಂಡಿದ್ದ ಕೆಂಪು ನೂಲಿನ ತುಂಡೊಂದನ್ನು ತೆಗೆದು, ಮ್ಯಾನಿಫೋಲ್ಡಿನ ಸುತ್ತ ಮೆಲ್ಲಗೆ ಆಡಿಸಿದರು. ಬಲಗಡೆ, ಕೊಳವೆ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಸೇರುವಲ್ಲಿ, ನೂಲಿನ ತುದಿ ಸರಕ್ಕನೆ ಬಾಗಿ, ಅಂಟಿನಲ್ಲಿದ್ದ ಕೂದಲೆಳೆಯ ಬಿರುಕಿನೊಳಗೆ ಹೋಯಿತು. ಅವರು ಒಳಗೆ ಹೋಗಿ ಮತ್ತೆ ಹೊಲಿಯತೊಡಗಿದರು. ಆ ಯಂತ್ರದ ಸದ್ದಿನಲ್ಲಿ ನಗುವಿತ್ತೆಂದು ನನ್ನ ಗುಮಾನಿ.

ಬಿರುಕು ಸಿಕ್ಕಿದ ಸಂತೋಷದಲ್ಲಿ ನನಗೆ ತಿಳಿದ ಒಂದೇ ಔಷಧ ಮಾಡಿದೆ: ರಬ್ಬರ್ ಸೊಲ್ಯೂಷನ್ ಹಚ್ಚಿ ಪಂಕ್ಚರ್ ಪ್ಯಾಚು ಅಂಟಿಸಿದೆ. ಸೊಲ್ಯೂಷನ್ ಗಟ್ಟಿಯಾದರೆ ಅದನ್ನು ಪೆಟ್ರೋಲ್ ಹಾಕಿ ಕರಗಿಸುವವನು ನಾನೇ ಎಂಬುದಾಗಲಿ, ಆ ಕೊಳವೆಯಲ್ಲಿ ಹರಿಯುವುದು ಅದೇ ಪೆಟ್ರೋಲು ಎಂಬುದಾಗಲಿ ಆಗ ನೆನಪಿಗೆ ಬರಲಿಲ್ಲ. ಬೀದಿಯಲ್ಲಿ ಎರಡು ಸುತ್ತು ಹೊಡೆದಾಗ ಎಂಜಿನ್ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು, ನಾನು ಭಾನುವಾರಕ್ಕೆ ಅಂಗಿ ಇಸ್ತ್ರಿ ಮಾಡಲು ಹೋಗಿ, ಇಸ್ತ್ರಿಪೆಟ್ಟಿಗೆ ಎಲ್ಲಿದೆಯೆಂಬುದು ನೆನಪಾಗಿ, ಸುಕ್ಕುಸುಕ್ಕಾಗಿಯೇ ಹೊರಟೆ.

ದಿಬ್ಬದ ಬುಡದ ತನಕ ತಾವು ಸಭ್ಯರಾಗಿದ್ದಿರಿ, ಅದನ್ನು ನಾನು ಮರೆತಿಲ್ಲ. ಏರು ಶುರುವಾದ ಸ್ವಲ್ಪ ಹೊತ್ತಿಗೆ ಪ್ಯಾಚು ಬೆಣ್ಣೆಯಂತೆ ಜಾರಿ ಬಿದ್ದಿತು. ಬಿರುಕು ಸಿಳ್ಳೆ ಹಾಕಿತು. ಎಂಜಿನ್ ಹಳೆಯ ಜಾಗಕ್ಕೇ ಬಂದು ಹಳೆಯ ಕೆಮ್ಮನ್ನೇ ಕೆಮ್ಮಿತು. ಮೇಲೆ ನೋಡಿದರೆ ಹೊಸ ಬಣ್ಣದ ಮಹಡಿಯಲ್ಲಿ ಷಡ್ಡಕರು ನಿಂತಿದ್ದರು, ಕೈಯಲ್ಲಿ ಕಾರಿನ ಕೀಲಿ ತಿರುಗುತ್ತಿತ್ತು. ಆಗ ಹಿಂದಿನಿಂದ, "ರೀ, ನೀವು ಸುಮ್ನೆ ಮುಂದೆ ನೋಡ್ಕೊಂಡ್ ಓಡಿಸಿ" ಎಂಬ ಮಾತು ಕೇಳಿತು. ನಮ್ಮಿಬ್ಬರ ನಡುವಿನ ಚೀಲ ಹಾರಿ ನನ್ನ ತೊಡೆಯ ಮೇಲೆ ಬಿತ್ತು, ನಮ್ಮ ಮನೆಯವರು ಎಡಗೈಯಲ್ಲಿ ನನ್ನ ಸೊಂಟ ಬಳಸಿ, ಕೆನ್ನೆಯನ್ನು ನನ್ನ ಬೆನ್ನಿಗೆ ಒತ್ತಿ, ಬಲಗೈಯನ್ನು ನನ್ನ ಮೊಣಕಾಲಿನ ಹತ್ತಿರ ಇಳಿಬಿಟ್ಟು, ಬಟ್ಟೆಯ ಚೂರೊಂದನ್ನು ಸುತ್ತಿದ ಹೆಬ್ಬೆರಳಿನಿಂದ ತಮ್ಮ ಹಿಂಬಾಗಿಲನ್ನು ಮುಚ್ಚಿದರು.

ತಾವು ಬಾಲ ಮುದುರಿಕೊಂಡು ಮುಂಬಾಗಿಲಿಗೆ ಬಂದಿರಿ. ಎಂಜಿನ್ ನೆಟ್ಟಗೆ ಉಸಿರಾಡಿತು. ನಾವು ಹತ್ತಿದೆವು, ಹತ್ತುತ್ತಲೇ ಇದ್ದೆವು, ಗೇಟಿನ ಮುಂದೆ ಹೋಗಿ ನಿಂತರೂ ಎಂಜಿನ್ ಓಡುತ್ತಲೇ ಇತ್ತು. ಹೆಬ್ಬೆರಳು ತೆಗೆದರೆ ಎಲ್ಲರ ಎದುರಿಗೆ ಕೆಮ್ಮೀತೆಂದು ನಮ್ಮ ಮನೆಯವರು ಹಾಗೇ ನನ್ನನ್ನು ತಬ್ಬಿಕೊಂಡು ಕೂತಿದ್ದರು. ಅಕ್ಕ ಗೇಟು ತೆಗೆದು ನಮ್ಮನ್ನು ನೋಡಿದರು. ಆಮೇಲೆ ಮಹಡಿಯಿಂದ ಇಳಿದು ಬಂದಿದ್ದ ಷಡ್ಡಕರ ಕಡೆ ತಿರುಗಿ, "ನೋಡಿ, ಇಷ್ಟು ವರ್ಷ ಆದ್ರೂ ಹೆಂಗಿದಾರೆ! ನೀವು ಕಾರಲ್ಲಿ ನಂಗೆ ಬೆಲ್ಟ್ ಹಾಕ್ಕೊಂಡು ಕೂತ್ಕೋ ಅಂತೀರಿ, ಅಷ್ಟೇ" ಎಂದರು. ಷಡ್ಡಕರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅಂದು ಊಟ ಬಿಸಿಯಾಗಿತ್ತು, ಅವರ ಬಾಯಿಗೆ ನನ್ನ ಕಥೆ ಸಿಕ್ಕಲಿಲ್ಲ.

ಇಷ್ಟಾದ ಮೇಲೂ ದೂರೇಕೆಂದು ತಾವು ಕೇಳಬಹುದು. ನಾನೀಗ ಬುದ್ಧಿ ಬಂದು, ಲೋಹ ಕಡೆಯುವ ಲೇತಿನವರ ಹತ್ತಿರ ಪೂರ್ತಿ ಅಲ್ಯುಮಿನಿಯಂನಲ್ಲಿ ಹೊಸ ಮ್ಯಾನಿಫೋಲ್ಡೊಂದನ್ನು ಮಾಡಿಸಿ, ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ. ಅದರಲ್ಲಿ ನೂಲಿನ ಎಳೆಯೂ ನುಸುಳದು. ಮೊನ್ನೆ ನಮ್ಮ ಮನೆಯವರು, "ಆ ಬಿರುಕು ಸರಿ ಮಾಡಿದ್ರಾ?" ಎಂದು ಕೇಳಿದರು. ಪುರುಸೊತ್ತಾಗಿಲ್ಲ ಎಂದೆ. "ಅವಸರ ಏನಿಲ್ಲ ಬಿಡಿ" ಎಂದರು, ಈ ಸಲ ತಲೆ ಎತ್ತಿ. ಹೊಲಿದ ಬಟ್ಟೆಯ ಚೀಲಕ್ಕೆ ಹ್ಯಾಂಡಲಿನಲ್ಲಿ ಒಂದು ಕೊಕ್ಕೆಯನ್ನೂ ಅವರೇ ಹಾಕಿಸಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆಯೇನೆಂದರೆ, ನಾನೊಬ್ಬನೇ ಬೈಕಿನ ಮೇಲಿರುವಾಗ ತಾವು ಘನತೆಯಿಂದ ಕಾರ್ಬ್ಯುರೇಟರಿನ ದಾರಿಯಲ್ಲೇ ಬರತಕ್ಕದ್ದು, ಅಲ್ಲಿ ಇಲ್ಲಿ ಮೂಗು ತೂರಿಸತಕ್ಕದ್ದಲ್ಲ. ನಮ್ಮ ಮನೆಯವರು ಹಿಂದೆ ಕೂತಿರುವಾಗ ಮಾತ್ರ, ಸಮತಟ್ಟಾದ ರಸ್ತೆಯಾದರೂ ಸರಿ, ದಯಮಾಡಿ ಬಿರುಕಿನಿಂದ ಬರಬೇಕು.

ತಮ್ಮನ್ನೇ ಉಸಿರಾಡುತ್ತ, ತಮ್ಮನ್ನೇ ಬೈಯುತ್ತ ಬದುಕಿರುವ,
ತಮ್ಮ ವಿಶ್ವಾಸಿ,
ಮೂರು ಕಾಲಿನ ಕುರ್ಚಿಯ ಪಂಕ್ಚರ್ ಅಂಗಡಿಯವನು

ತಾ.ಕ.: ಷಡ್ಡಕರ ಕಾರಿನ ಹಿಂದಿನ ಎಡ ಚಕ್ರದಲ್ಲಿ ತಾವು ಬಹಳ ಕಾಲದಿಂದ ಅಲುಗಾಡದೆ ವಾಸವಾಗಿದ್ದೀರೆಂದು ಕೇಳಿದೆ. ನನ್ನ ಗಿರಾಕಿಗಳ ಟ್ಯೂಬಿನಲ್ಲಿ ಒಂದು ವಾರ ನಿಲ್ಲದವರು ಅಲ್ಲಿ ಅಷ್ಟು ನಿಷ್ಠೆಯಿಂದ ಕೂತಿರುವುದು ಕಂಡು ಹೊಟ್ಟೆ ಉರಿಯುತ್ತದೆ. ಬೇಸರವಾದರೆ ಹೊರಗೆ ಬನ್ನಿ. ಸಾಧ್ಯವಾದರೆ ನಮ್ಮ ಅಂಗಡಿಯ ಎದುರಿಗೇ ಬನ್ನಿ. ಗಾಜಿಳಿಸಿದ ಕೂಡಲೇ ಅವರನ್ನು ಮೃದುವಾಗಿ ಏನು ಕೇಳಬೇಕೆಂಬುದು ನನಗೆ ಬಾಯಿಪಾಠವಾಗಿದೆ.